ಸೋರದ ಮಾಳಿಗೆ

ಮಳೆ ಹಿಡಿಯಿತೆಂದರೆ ನಮ್ಮ ಕಡೆಯ ಮಾಳಿಗೆ ಮನೆಯವರೆಲ್ಲ ತಲೆ ಎತ್ತಿ ಮೇಲೆ ನೋಡುತ್ತಾರೆ. ಎಲ್ಲಿ ತೊಟ್ಟಿಕ್ಕುತ್ತಿದೆ, ಎಲ್ಲಿ ಪಾತ್ರೆ ಇಡಬೇಕು, ಹಾಸಿಗೆ ಯಾವ ಮೂಲೆಗೆ ಎಳೆಯಬೇಕು ಎಂಬುದೇ ಚಿಂತೆ. ಸೋರುವ ಮನೆಯವರು ಮಳೆಯನ್ನೂ ಮಾಳಿಗೆಯನ್ನೂ ಸೇರಿಸಿ ಬೈಯುತ್ತಾರೆ. ಸೋರದ ಮನೆಯವರು ಮೀಸೆ ತಿರುವುತ್ತಾರೆ. ತಳಕಲ್ಲಿನಿಂದ ಮೂರು ಮೈಲಿ ಆಚೆಗಿನ ಒಂದು ಸಣ್ಣ ಊರಿನಲ್ಲಿ ಹಾಗೆ ಮೀಸೆ ತಿರುವುತ್ತಿದ್ದವನು ಹೊನ್ನೂರಪ್ಪ.

ಅವನ ಮನೆ ಅಜ್ಜ ಕಟ್ಟಿಸಿದ್ದು. ಕಲ್ಲು ಮಣ್ಣಿನ ಗೋಡೆ, ಬೇವಿನ ತೊಲೆ, ತೊಲೆಯ ಮೇಲೆ ಅಡ್ಡ ಜಂತಿಗಳು, ಎಲ್ಲದರ ಮೇಲೆ ಮಣ್ಣು. ಪ್ರತಿ ವರ್ಷ ರೋಹಿಣಿ ಮಳೆಗೆ ಮೊದಲು ಹಳ್ಳದ ದಂಡೆಯಿಂದ ನೀರು ಇಳಿಯಬಿಡದ ಸವಳು ಮಣ್ಣು ತಂದು, ಮಾಳಿಗೆಯ ಮೇಲೆ ಸುರಿದು, ತುಳಿದು, ಬಡಿದು ಮಟ್ಟ ಮಾಡುವುದು ಆ ಮನೆಯ ಪದ್ಧತಿ. ಅಜ್ಜ ಹಾಕಿದ, ಅಪ್ಪ ಹಾಕಿದ, ಹೊನ್ನೂರಪ್ಪನೂ ವರ್ಷಕ್ಕೆ ನಲವತ್ತು ಬುಟ್ಟಿಗೆ ಒಂದೂ ಕಡಿಮೆಯಾಗದಂತೆ ಹಾಕುತ್ತಿದ್ದ. ಹಾಕುವುದಷ್ಟೇ ಅವರಿಗೆ ಗೊತ್ತು. ಹಳೆಯ ಮಣ್ಣನ್ನು ಕೆರೆದು ಇಳಿಸಬೇಕೆಂದು ಮೂರು ತಲೆಮಾರಿನಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಸಾಲದ್ದಕ್ಕೆ ಸಗಣಿ ಕುಳ್ಳಿನ ರಾಶಿ, ತೊಗರಿ ಕಟ್ಟಿಗೆಯ ಹೊರೆ ಎಲ್ಲವೂ ಮಾಳಿಗೆಯ ಮೇಲೆಯೇ.

"ಊರಾಗ ಯಾರ ಮನಿ ಸೋರಿದ್ರೂ ನಮ್ಮದು ಸೋರೂದಿಲ್ಲ" ಎಂದು ಅವನು ಹೇಳಿದರೆ ಯಾರೂ ಎದುರು ಆಡುತ್ತಿರಲಿಲ್ಲ. ಮಾತು ನಿಜವೇ ಇತ್ತು.

ಅದು 2009ರ ದಸರಾ. ಬನ್ನಿ ಕೊಟ್ಟು ಮುಗಿಸಿದ ಮರುದಿನ, ಮಂಗಳವಾರ ಬೆಳಿಗ್ಗೆ ಹಿಡಿದ ಮಳೆ ಬಿಡಲೇ ಇಲ್ಲ. ಯಲಬುರ್ಗಾ ಸೀಮೆಯವರು ಮಳೆಗಾಗಿ ಮುಗಿಲು ನೋಡುವುದೇ ರೂಢಿ, ಹಾಗಾಗಿ ಮೊದಲ ದಿನ ಎಲ್ಲರೂ ಖುಷಿಪಟ್ಟರು. ಎರಡನೆಯ ದಿನ ಬೇಸರಪಟ್ಟರು. ಮೂರನೆಯ ದಿನ ಯಾರೂ ಮಳೆಯ ಮಾತೇ ಎತ್ತಲಿಲ್ಲ.

ಹೊನ್ನೂರಪ್ಪನ ಹೆಂಡತಿ ಹುಲಗೆಮ್ಮನಿಗೆ ಮಾತ್ರ ಎರಡನೆಯ ದಿನವೇ ಭಯ ಹೊಕ್ಕಿತ್ತು. ಗಂಗಾವತಿಗೆ ಕೊಟ್ಟ ಮಗಳು ಹೇಮಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಒಳಮನೆಯ ಕತ್ತಲಲ್ಲಿ, ಹೊರಸಿನ ಮೇಲೆ ಕಂಬಳಿ ಹೊದ್ದ ಬಾಣಂತಿ. ಪಕ್ಕದಲ್ಲಿ ಇಪ್ಪತ್ತನಾಲ್ಕು ದಿನದ ಹೆಣ್ಣು ಕೂಸು. ಕೂಸು ಮಲಗುವುದು ಕಿನ್ನಾಳದಲ್ಲಿ ಮಾಡಿಸಿದ ಬಣ್ಣದ ತೊಟ್ಟಿಲಲ್ಲಿ, ಹೊನ್ನೂರಪ್ಪನೂ ಮಲಗಿದ್ದ ತೊಟ್ಟಿಲಲ್ಲಿ. ಆ ತೊಟ್ಟಿಲನ್ನು ಒಳಮನೆಯ ದೊಡ್ಡ ತೊಲೆಗೆ ಹಗ್ಗದಿಂದ ಇಳಿಬಿಟ್ಟಿದ್ದರು.

ಬುಧವಾರ ಸಂಜೆ ಕೂಸಿಗೆ ಎರೆದು ಮಲಗಿಸಿದ ಮೇಲೆ ಹುಲಗೆಮ್ಮ ಎಂದಿನಂತೆ ಕೆಂಡದ ಅಗ್ಗಿಷ್ಟಿಕೆಯನ್ನು ತೊಟ್ಟಿಲ ಕೆಳಗೆ ಸರಿಸಿದಳು. ಅಗ್ಗಿಷ್ಟಿಕೆಯ ಅಂಚು ತೊಟ್ಟಿಲ ತಳಕ್ಕೆ ಟಕ್ ಎಂದು ತಾಗಿತು.

ಅವಳು ಕೈ ಹಿಂದೆಗೆದಳು. ಹದಿಮೂರನೆಯ ದಿನ ತೊಟ್ಟಿಲು ಕಟ್ಟಿದಾಗ ಇದೇ ಅಗ್ಗಿಷ್ಟಿಕೆ ಸಲೀಸಾಗಿ ಒಳಗೆ ಹೋಗಿ, ಮೇಲೆ ನಾಲ್ಕು ಬೆರಳು ಸಂದು ಉಳಿದಿತ್ತು. ತಾನೇ ಬೆರಳಿಟ್ಟು ನೋಡಿದ್ದಳು.

"ಅತ್ತೀ, ತೊಟ್ಟಿಲ ಕೆಳಗ ಬಂದೈತಿ ನೋಡ್ರಿ."

ಅತ್ತೆ ಅನ್ನಮ್ಮ ಅಡಿಕೆ ಕತ್ತರಿಸುತ್ತ ಕುಳಿತಿದ್ದಳು. ಎಪ್ಪತ್ತು ದಾಟಿದ ಮುದುಕಿ, ಆದರೆ ಮನೆಯಲ್ಲಿ ಅವಳ ಮಾತೇ ಮಾತು. "ಹಗ್ಗ ಹೊಸಾದು. ಹಸಿಗೆ ಜಗ್ಗೈತಿ. ಅದಕ್ಯಾಕ ಮಾರಿ ಸಣ್ಣದು ಮಾಡ್ತಿ?" ಎಂದಳು.

ಹೊನ್ನೂರಪ್ಪ ಬಂದು ಹಗ್ಗ ಬಿಚ್ಚಿ, ನಾಲ್ಕು ಬೆರಳು ಮೇಲಕ್ಕೆ ಎಳೆದು ಬಿಗಿದು ಕಟ್ಟಿದ. "ಆತಿಲ್ಲೋ?" ಎಂದ. ಹುಲಗೆಮ್ಮ ಆಯಿತೆಂದು ತಲೆಯಾಡಿಸಿದಳು. ಹಗ್ಗ ಜಗ್ಗಿದ್ದರೆ ಕಟ್ಟಿದ ಮೇಲೆ ಸರಿಹೋಗಬೇಕು ಎಂದು ತನಗೆ ತಾನೇ ಧೈರ್ಯ ಹೇಳಿಕೊಂಡಳು.

ಗುರುವಾರ ಬೆಳಿಗ್ಗೆ ಅಗ್ಗಿಷ್ಟಿಕೆ ಮತ್ತೆ ತಾಗಿತು.

ಅವಳು ಬಗ್ಗಿ ಕೂಸನ್ನು ನೋಡಿದಳು. ಕುಲಾವಿಯ ಮೇಲೆ, ಹೊದಿಕೆಯ ಮೇಲೆ, ಕೂಸಿನ ಹುಬ್ಬಿನ ಮೇಲೂ ಸಣ್ಣ ಮಣ್ಣಿನ ಪುಡಿ. ಬೆರಳಿನಿಂದ ಒರೆಸಿದಳು. ಮೇಲೆ ನೋಡಿದರೆ ಒಂದು ಹನಿ ನೀರಿಲ್ಲ. ಹೊಗೆಯಲ್ಲಿ ಕಪ್ಪಾದ ತೊಲೆ ಎಂದಿನಂತೆಯೇ ಕಂಡಿತು. ಅಡುಗೆಮನೆಗೆ ಹೋಗಲೆಂದು ಬಾಗಿಲು ಎಳೆದಳು, ಅದು ಮೇಲುಗಡೆ ಚೌಕಟ್ಟಿಗೆ ಕಚ್ಚಿಕೊಂಡು ಕಿರ್ರೆಂದಿತು. ಎರಡೂ ಕೈ ಹಾಕಿ ಜಗ್ಗಬೇಕಾಯಿತು. ಕಟ್ಟಿಗೆ ಹಸಿಗೆ ಉಬ್ಬಿರಬೇಕು ಅಂದುಕೊಂಡಳು. ಹಗ್ಗ ಹಸಿಗೆ ಜಗ್ಗಿತು, ಬಾಗಿಲು ಹಸಿಗೆ ಉಬ್ಬಿತು ಎಂದುಕೊಂಡರೂ ಅಡುಗೆಮನೆಗೆ ಹೋಗದೆ ತೊಟ್ಟಿಲ ಬಳಿಗೇ ಮರಳಿದಳು.

ಅಷ್ಟರಲ್ಲಿ ಅಂಗನವಾಡಿಯ ಮಲ್ಲೇಶ್ವರಿ ತಲೆಯ ಮೇಲೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು, ಕೆಸರು ತುಳಿಯುತ್ತ ಬಂದಳು. ಊರಿನವರಿಗೆಲ್ಲ ಅವಳು ಅಕ್ಕಾರು. ಮಳೆ ಇರಲಿ, ಬಿಸಿಲಿರಲಿ, ಬಾಣಂತಿ ಇರುವ ಮನೆಗೆ ಅವಳ ಸುತ್ತು ತಪ್ಪದು.

"ಬರ್ರಿ ಅಕ್ಕಾರ" ಎಂದು ಹುಲಗೆಮ್ಮ ಅವಳ ಕೈ ಹಿಡಿದೇ ಒಳಗೆ ಕರೆದುಕೊಂಡು ಹೋದಳು. "ಇಲ್ಲಿ ನೋಡ್ರಿ. ನಿನ್ನಿ ನಾಲ್ಕು ಬೆರಳು ಮ್ಯಾಲ ಎತ್ತಿ ಕಟ್ಟೀವಿ. ಇವತ್ತು ಮತ್ತ ಕೆಳಗ."

ಮಲ್ಲೇಶ್ವರಿ ತೊಟ್ಟಿಲು ನೋಡಿದಳು, ಕೂಸಿನ ಕುಲಾವಿಯ ಮೇಲಿನ ಪುಡಿ ನೋಡಿದಳು, ಬಾಗಿಲನ್ನು ಒಮ್ಮೆ ಎಳೆದು ನೋಡಿದಳು. ಮೊದಲು ಕೂಸನ್ನು ತೊಟ್ಟಿಲಿನಿಂದ ಎತ್ತಿ ಹುಲಗೆಮ್ಮನ ಮಡಿಲಿಗೆ ಹಾಕಿದಳು.

"ಹೊನ್ನೂರಪ್ಪಣ್ಣ, ಸ್ವಲ್ಪ ಒಳಗ ಬರ್ರಿ. ಈ ಬೆಳಕಿಂಡಿ ನೋಡ್ರಿ."

ಬೆಳಕಿಂಡಿ ಎಂದರೆ ಒಳಮನೆಗೆ ಬೆಳಕು ಬೀಳಲೆಂದು ಮಾಳಿಗೆಯಲ್ಲಿ ಬಿಟ್ಟ ಸಣ್ಣ ಕಿಂಡಿ. ಮಳೆಗಾಲದಲ್ಲಿ ಅದಕ್ಕೆ ಮಣ್ಣಿನ ಗಡಿಗೆ ಬೋರಲು ಹಾಕುತ್ತಿದ್ದರು. ಆ ಕಿಂಡಿಯ ಗೋಡೆಯಲ್ಲಿ ಮಾಳಿಗೆ ಎಷ್ಟು ದಪ್ಪ ಎಂಬುದು ಬರಿಗಣ್ಣಿಗೆ ಕಾಣುತ್ತಿತ್ತು. ವರ್ಷಕ್ಕೊಂದರಂತೆ ಮಣ್ಣಿನ ಪದರದ ಮೇಲೆ ಪದರ.

"ನಿಮ್ಮ ಅಜ್ಜ ಕಟ್ಟಿಸಿದಾಗ ಎಷ್ಟು ದಪ್ಪ ಇತ್ರಿ?"

"ಒಂದು ಗೇಣು ಇದ್ದೀತು."

"ಈಗ?"

ಹೊನ್ನೂರಪ್ಪ ಮೊಣಕೈ ಎತ್ತಿ ಅಳತೆ ನೋಡಿದ. "ಒಂದೂವರಿ ಮೊಳ ಆಗೇತಿ. ಅದಕ್ಕ ನೋಡ್ರಿ ನಮ್ಮ ಮನಿ ಸೋರೂದಿಲ್ಲ." ಆ ಹೊತ್ತಿನಲ್ಲೂ ಅವನ ದನಿಯಲ್ಲಿ ಹೆಮ್ಮೆಯಿತ್ತು.

"ಸೋರಿಲ್ಲ, ಖರೇ. ಹಂಗಾದ್ರ ಮೂರು ದಿನದ ಮಳಿ ನೀರು ಎಲ್ಲಿ ಹೋತ್ರಿ?"

ಹೊನ್ನೂರಪ್ಪ ಬೀದಿಯ ಕಡೆ ಕೈ ತೋರಿಸಿದ. "ಹೊರಗ ಬಿದ್ದು ಹರದು ಹೋಗಿರ್ತೈತಿ" ಎಂದ.

ಹುಲಗೆಮ್ಮ ಕೂಸನ್ನು ಅವಚಿಕೊಂಡು ಹೊಸ್ತಿಲ ತನಕ ಹೋಗಿ ಇಣುಕಿದಳು. ಎದುರು ಮನೆಯ ಮಾಳಿಗೆಯಿಂದ ನೀರು ಕಲ್ಲಿನ ದೋಣಿಯ ಮೂಲಕ ಧೋ ಎಂದು ಬೀದಿಗೆ ಸುರಿಯುತ್ತಿತ್ತು. ಪಕ್ಕದ ಮನೆಯ ದೋಣಿಯೂ ಹಾಗೆಯೇ. ತಮ್ಮ ಮನೆಯ ದೋಣಿಯಿಂದ ಒಂದು ಎಳೆ ನೀರೂ ಬೀಳುತ್ತಿರಲಿಲ್ಲ. ವರ್ಷ ವರ್ಷ ಸುರಿದ ಮಣ್ಣು ದೋಣಿಯ ಬಾಯನ್ನೇ ಮುಚ್ಚಿತ್ತು. ಮೂರು ದಿನದ ಮಳೆಯೆಲ್ಲ ಮೇಲೆಯೇ ನಿಂತಿದೆ, ತನ್ನ ಮಗಳ ತಲೆಯ ಮೇಲೆ ನಿಂತಿದೆ ಎಂದು ಅವಳಿಗೆ ಆಗ ಗೊತ್ತಾಯಿತು.

"ಒಣಮಣ್ಣಿನ ಬುಟ್ಟಿ ನೀವೊಬ್ಬರ ಹೊತ್ಗೊಂಡು ಏರ್ತೀರಿ" ಎಂದಳು ಮಲ್ಲೇಶ್ವರಿ. "ಅದ ಬುಟ್ಟಿಗೆ ನೀರು ಕುಡಿಸಿದ್ರ ಇಬ್ಬರಾದ್ರೂ ಎತ್ತತೀರೇನು? ಅಷ್ಟೂ ಭಾರ ಈ ಒಂದು ತೊಲಿ ಮ್ಯಾಲ ಐತಿ. ಗ್ವಾಡಿಯೊಳಗ ಹೊಕ್ಕಿರೋ ಅದರ ತುದಿ ಗೆದ್ದಲಿ ತಿಂದಿದ್ರ ನಿಮಗ ಕಾಣಂಗಿಲ್ಲ. ಬಾಣಂತಿನ್ನ, ಕೂಸಿನ್ನ ಈಗಿಂದೀಗ ಹೊರಗ ಕರ್ಕೊಂಡು ನಡೀರಿ."

ಅಡಿಕೆ ಕತ್ತರಿಸುತ್ತಿದ್ದ ಅನ್ನಮ್ಮನ ಕೈ ನಿಂತಿತು.

"ಏನಂದಿ? ಒಂದು ತಿಂಗಳು ತುಂಬಲಾರದ ಬಾಣಂತಿನ್ನ ಈ ಮಳ್ಯಾಗ ಹೊರಗ ಹಾಕಬೇಕಾ? ನಮ್ಮ ತಂಗಿ ಹಿಂಗ ಥಂಡಿ ಬಡದು, ಸನ್ನಿ ಆಗಿ, ಹದಿನೆಂಟು ವರ್ಷಕ್ಕ ಸತ್ಲು. ನನ್ನ ತೊಡಿಮ್ಯಾಲ ಸತ್ಲು. ಆ ಸಾವು ನೋಡಿದಾಕಿ ನಾನು, ನೀನಲ್ಲ."

ಅನ್ನಮ್ಮ ಸುಳ್ಳು ಹೇಳುತ್ತಿರಲಿಲ್ಲ. ಆ ತಂಗಿಯ ಹೆಸರು ಬಂದಾಗಲೆಲ್ಲ ಅವಳ ಕಣ್ಣು ತುಂಬುವುದನ್ನು ಹುಲಗೆಮ್ಮ ಇಪ್ಪತ್ತೈದು ವರ್ಷದಿಂದ ನೋಡಿದ್ದಳು. ಹೊರಗೆ ಥಂಡಿ, ಒಳಗೆ ತೊಲೆ. ಮಡಿಲಲ್ಲಿ ಕೂಸು. ಯಾವ ಕಡೆ ಹೆಜ್ಜೆ ಇಟ್ಟರೂ ತಪ್ಪಾದೀತೆಂದು ಅವಳಿಗೆ ಅಳು ಬಂತು.

ಮಲ್ಲೇಶ್ವರಿ ಜಗಳಕ್ಕೆ ಇಳಿಯಲಿಲ್ಲ. ಮುದುಕಿಯ ಪಕ್ಕದಲ್ಲಿ ಕುಳಿತಳು. "ಅಜ್ಜೀ, ನಿಮ್ಮ ಅಂಜಿಕಿ ಸುಳ್ಳಲ್ಲ. ಆದ್ರ ಥಂಡಿಗೆ ನಮ್ಮ ಕೈಯಾಗ ಉಪಾಯ ಐತಿ. ಕೂಸಿನ್ನ ತಾಯಿ ಎದಿಗೆ ಹಚ್ಚಿ ಕಟ್ಟಿ ಕಂಬಳಿ ಹೊದಿಸಿದ್ರ ಬೆಚ್ಚಗ ಇರ್ತೈತಿ. ಜ್ವರ ಬಂದ್ರ ಸಿಸ್ಟರ್ ಅದಾರ, ದವಾಖಾನಿ ಐತಿ. ತೊಲಿ ಬಿದ್ರ ಏನೈತ್ರಿ ಹೇಳ್ರಿ? ಕುಷ್ಟಗಿ ಕಡೆ ನಮ್ಮ ಸ್ವಾದರಮಾವನ ಮನಿ ಹಿಂಗ ಕುಂತು ಹೋತು. ನಮ್ಮಪ್ಪ ಗೌಂಡಿ, ಮನಿ ಕಟ್ಟಾಂವ. ಮನಿ ಖಾಲಿ ಮಾಡ್ರಿ ಅಂತ ಹಿಂದಿನ ದಿನನ ಹೇಳಿದ್ದ. ನಾಳಿ ನೋಡೂಣು ಅಂದ್ರು. ನಾಳಿ ನಾವು ಮಣ್ಣು ತಗದು ಹೆಣ ಎತ್ತಿದ್ವಿ."

ಅನ್ನಮ್ಮ ಮುಖ ತಿರುಗಿಸಿದಳು. "ಈ ಮನಿ ಎಂಥೆಂಥ ಮಳಿ ನೋಡೇತಿ" ಎಂದಷ್ಟೇ ಹೇಳಿದಳು.

ಹೊನ್ನೂರಪ್ಪ ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. "ಮಳಿ ಸ್ವಲ್ಪ ನಿಲ್ಲಲಿ ಅಕ್ಕಾರ. ಸಂಜಿಕ ನೋಡಿದ್ರಾತು" ಎಂದ.

ಮಲ್ಲೇಶ್ವರಿ ಎದ್ದು ಹಿತ್ತಲಿಗೆ ಹೋಗಿ ಒಂದು ಒಣ ಜೋಳದ ದಂಟು ತಂದಳು. ನೆಲದಿಂದ ತೊಲೆಯ ತನಕ ಹಿಡಿದು, ಹೆಚ್ಚಾದ ತುದಿಯನ್ನು ಕುಡುಗೋಲಿನಿಂದ ಕತ್ತರಿಸಿ, ತೊಲೆಯ ಕೆಳಗೆ ನೆಟ್ಟಗೆ ನಿಲ್ಲಿಸಿದಳು. ದಂಟು ತೊಲೆಗೆ ತಾಗಿಯೂ ತಾಗದಂತೆ ನಿಂತಿತು.

"ಇದನ್ನ ನಮ್ಮಪ್ಪ ಕಲಿಸಿದ್ದು. ನಾ ಇನ್ನೂ ನಾಲ್ಕು ಮನಿ ನೋಡಿ ಹೊಳ್ಳಿ ಬರ್ತೀನಿ. ಅಷ್ಟರಾಗ ಈ ದಂಟು ಬಾಗಿದ್ರ ನನ್ನ ದಾರಿ ನೋಡಬ್ಯಾಡ್ರಿ. ಹಗ್ಗ ಜಗ್ಗಿರಬಹುದು ಅಂತೀರಿ, ಬಾಗಿಲ ಉಬ್ಬಿರಬಹುದು ಅಂತೀರಿ. ದಂಟು ಯಾಕ ಬಾಗತೈತ್ರಿ? ತೊಲಿ ಇಳದ್ರನ ಬಾಗಬೇಕು. ಮತ್ತೊಂದು ಮಾತು, ಬಾಗಲಿಲ್ಲ ಅಂದ್ರ ಮನಿ ಗಟ್ಟಿ ಐತಿ ಅಂತ ತಿಳೀಬ್ಯಾಡ್ರಿ. ನನ್ನ ಕೇಳಿದ್ರ ಈಗಿಂದೀಗ ಹೊರಡ್ರಿ ಅಂತೀನಿ."

ಅವಳು ಹೋದಳು. ಹೊನ್ನೂರಪ್ಪ ದನಗಳನ್ನು ನೋಡಲು ಕೊಟ್ಟಿಗೆಗೆ ಹೋದ. ಹುಲಗೆಮ್ಮ ಹೇಮಾಳನ್ನು ಹೊರಸಿನಿಂದ ಎಬ್ಬಿಸಿ ಪಡಸಾಲೆಯ ಹೊರಬಾಗಿಲ ಬಳಿ ಕೂಡಿಸಿದಳು. "ಗಾಳಿ ಬರ್ತೈತಿ" ಎಂದು ಅನ್ನಮ್ಮ ಗೊಣಗಿದಳು. ಹುಲಗೆಮ್ಮ ಮೊದಲ ಸಲ ಅತ್ತೆಯ ಮಾತು ಕೇಳಿಯೂ ಕೇಳದವಳಂತೆ ಇದ್ದಳು. ಕೂಸನ್ನು ಮಗಳಿಗೆ ಕೊಟ್ಟು, ತಾನು ಒಳಮನೆಯ ಬಾಗಿಲಲ್ಲಿ ನಿಂತು ದಂಟನ್ನೇ ನೋಡಿದಳು.

ಮಳೆಯ ಸದ್ದು ಬಿಟ್ಟರೆ ಏನೂ ಇಲ್ಲ. ಸ್ವಲ್ಪ ಹೊತ್ತು ಅವಳಿಗೆ ಸಮಾಧಾನವೂ ಆಯಿತು. ತಾನು ಸುಮ್ಮನೆ ಹೆದರಿದೆನೇನೋ, ಊರಲ್ಲಿ ಎಲ್ಲರೂ ನಗುತ್ತಾರೇನೋ ಅನಿಸಿತು. ಆಗ ತೊಲೆಯ ಗೋಡೆ ಕಡೆಯ ತುದಿಯಲ್ಲಿ ಕಟಕ್ ಎಂದಿತು. ಯಾರೋ ಬೆರಳು ನೆಟಿಕೆ ಮುರಿದಷ್ಟೇ ಸಣ್ಣ ಸದ್ದು.

ದಂಟು ಮೆಲ್ಲಗೆ ಹೊಟ್ಟೆ ಬಿಟ್ಟಿತು. ಅವಳು ಕಣ್ಣುಜ್ಜಿಕೊಂಡಳು. ದಂಟಿನ ನಡುಭಾಗ ಇನ್ನೊಂದಿಷ್ಟು ಹೊರಗೆ ಬಾಗಿತು. ಬಿಲ್ಲಿನಂತೆ ಬಾಗಿ, ಅವಳು ನೋಡುತ್ತಿದ್ದಂತೆಯೇ ನಡುವೆ ಸೀಳಿತು.

"ಏನ್ರೀ!" ಎಂದು ಹುಲಗೆಮ್ಮ ಕೂಗಿದ ಕೂಗಿಗೆ ಕೊಟ್ಟಿಗೆಯ ದನಗಳೇ ಬೆದರಿದವು.

ಹೊನ್ನೂರಪ್ಪ ಓಡಿ ಬಂದು ಮುರಿದ ದಂಟು ನೋಡಿದ. "ಒಂದು ಕಂಬ ಆನಿಸಿ ನೋಡ್ತೀನಿ" ಎಂದು ಮೂಲೆಯಲ್ಲಿದ್ದ ಮರದ ಕಂಬಕ್ಕೆ ಕೈ ಹಾಕಿದ.

"ತೊಲಿ ಮುಟ್ಟಿಗಿಟ್ಟೀರಿ! ಬಡದ್ರ ಅದ ಮೊದಲು ಬೀಳ್ತೈತಿ. ನಡೀರಿ ಹೊರಗ." ತಾನು ಗಂಡನ ಮೇಲೆ ದನಿ ಏರಿಸಿದ್ದು ಹುಲಗೆಮ್ಮನಿಗೆ ಆಮೇಲೆ ನೆನಪಾಯಿತು, ಆ ಕ್ಷಣಕ್ಕೆ ಗೊತ್ತೇ ಆಗಲಿಲ್ಲ.

ಎಲ್ಲಿಗೆ ಹೋಗುವುದು? ಶಾಲೆ ಊರಿನ ಆ ತುದಿಗೆ. ಹತ್ತಿರದ್ದೆಂದರೆ ಬಳೆ ಮಾರುವ ಜೋಹರಾಬಿಯ ಮನೆ. ನಾಲ್ಕು ಕಬ್ಬಿಣದ ಕಂಬ, ಸುತ್ತ ತಗಡು, ಮೇಲೆ ತಗಡು. ಮಳೆ ಬಂದರೆ ಮನೆಯೊಳಗೆ ಡೊಳ್ಳು ಬಾರಿಸಿದ ಹಾಗಾಗುತ್ತದೆ ಎಂದು ಅನ್ನಮ್ಮ ವರ್ಷಗಟ್ಟಲೆ ಆಡಿಕೊಂಡ ಮನೆ ಅದು. ಆದರೆ ಅದರ ಮೇಲೆ ಒಂದು ಹಿಡಿ ಮಣ್ಣಿರಲಿಲ್ಲ.

"ಮಾಳಿಗಿ ಮನಿ ಬಾಣಂತಿ ತಗಡಿನ ಮನಿಗೆ ಹೋಗಬೇಕಾ? ನಾ ಬರೂದಿಲ್ಲ. ಈ ಮನಿಗೆ ಸೊಸಿ ಆಗಿ ಬಂದಾಕಿ, ಇಲ್ಲೇ ಇರ್ತೀನಿ" ಎಂದು ಅನ್ನಮ್ಮ ಕಂಬಕ್ಕೆ ಒರಗಿ ಕುಳಿತುಬಿಟ್ಟಳು.

ಅವಳ ಜೊತೆ ವಾದ ಮಾಡುವ ಹೊತ್ತು ಅದಲ್ಲ. ಹುಲಗೆಮ್ಮ ಕೂಸನ್ನು ತಂದು ಅತ್ತೆಯ ಎರಡೂ ಕೈಯಲ್ಲಿ ಇಟ್ಟಳು. "ನಾ ಹೇಮಾನ್ನ ಹಿಡಕೋಬೇಕು, ಅವರು ಹಾಸಿಗಿ ಹೊರಬೇಕು. ಕೂಸಿನ್ನ ಹೊರಾಕ ನೀವ ಗತಿ, ಅತ್ತೀ. ಏಳ್ರಿ."

ಕೂಸು ಅತ್ತಿತು. ಅನ್ನಮ್ಮ ಎದ್ದಳು. ಗೊಬ್ಬರದ ಪ್ಲಾಸ್ಟಿಕ್ ಚೀಲ ಸೀಳಿ ಹೊದ್ದು, ಕೂಸನ್ನು ಸೆರಗಿನೊಳಗೆ ಅಡಗಿಸಿಕೊಂಡು, ದಾರಿಯುದ್ದಕ್ಕೂ ಸೊಸೆಗೆ ಶಾಪ ಹಾಕುತ್ತ ನಡೆದಳು. ಹೊನ್ನೂರಪ್ಪ ಹೊರಗಿನ ಕಟ್ಟೆಯ ಮೇಲಿದ್ದ ಕರೆಂಟಿನ ಮೇನ್ ಸ್ವಿಚ್ಚನ್ನು ಒಣ ಕೋಲಿನಿಂದ ಆರಿಸಿದ, ದನಗಳ ಹಗ್ಗ ಬಿಚ್ಚಿದ, ತಲೆಬಾಗಿಲು ಎಳೆದುಕೊಂಡ.

ಜೋಹರಾಬಿ ಒಂದು ಮಾತೂ ಕೇಳಲಿಲ್ಲ. ಬಾಗಿಲಲ್ಲಿ ನೆನೆದು ನಿಂತವರನ್ನು ನೋಡಿದವಳೇ ತನ್ನ ಗಾದಿಯನ್ನು ಬಿಡಿಸಿ ಹಾಸಿದಳು. "ಬಾ ಯವ್ವಾ, ಬಾ. ಮಗಳ ಕಾಲು ಒರಸ್ರಿ ಮೊದಲ. ನನ್ನ ಮನಿ ಸಣ್ಣದು, ಆದ್ರ ಬೀಳೂದಿಲ್ಲ" ಎಂದಳು. ಒಲೆ ಹೊತ್ತಿಸಿ ನೀರು ಕಾಯಿಸಿದಳು. ಹೇಮಾ ಕೂಸನ್ನು ಎದೆಗೆ ಹಚ್ಚಿಕೊಂಡು ಮಲಗಿದಳು, ಮೇಲೆ ಎರಡು ಕಂಬಳಿ. ತಗಡಿನ ಮೇಲೆ ಮಳೆ ಕಿವಿ ಕಿವುಡಾಗುವಷ್ಟು ಬಡಿಯುತ್ತಿತ್ತು. ಕೂಸು ಹಾಲು ಕುಡಿದು ಹಾಯಾಗಿ ನಿದ್ದೆ ಹೋಯಿತು.

ತಿರುಗಿ ಬಂದ ಮಲ್ಲೇಶ್ವರಿ ಅವರನ್ನು ಅಲ್ಲೇ ಕಂಡು, ಉಳಿದ ಮನೆಗಳ ಕಡೆ ಹೋದಳು. ಮಧ್ಯಾಹ್ನ ಕಳೆಯಿತು. ಬೆಚ್ಚಗಾದ ಮೇಲೆ ಹುಲಗೆಮ್ಮನಿಗೆ ಸ್ವಲ್ಪ ಜೋಂಪು ಹತ್ತಿತ್ತು. ನಾಲ್ಕು ಗಂಟೆಯ ಹೊತ್ತಿಗೆ ಕಣ್ಣು ಬಿಟ್ಟು, ಎಲ್ಲರೂ ಇದ್ದಾರೆಯೇ ಎಂದು ಸುತ್ತ ನೋಡಿದಳು. ಹೇಮಾ ಇದ್ದಳು, ಕೂಸು ಇತ್ತು. ಹೊನ್ನೂರಪ್ಪ ದನಗಳನ್ನು ಶಾಲೆಯ ಬಯಲಿಗೆ ಕಟ್ಟಲು ಹೋಗಿದ್ದ.

"ಅತ್ತಿ ಎಲ್ಲಿ?"

ಜೋಹರಾಬಿ ಬಾಗಿಲ ಕಡೆ ನೋಡಿದಳು. "ಈಗ ಇಲ್ಲೇ ಇದ್ಲಲ್ಲ? ತೊಟ್ಟಿಲ ಅಲ್ಲೇ ಉಳೀತು, ಕೂಸಿಗೆ ತೊಟ್ಟಿಲ ಬೇಕು ಅಂತಿದ್ಲು."

ಹುಲಗೆಮ್ಮ ಮಳೆಯಲ್ಲಿ ಓಡಿದಳು. ಕೆಸರಿನಲ್ಲಿ ಎರಡು ಸಲ ಜಾರಿ ಬಿದ್ದಳು. "ಅತ್ತೀ! ಅತ್ತೀ!" ಎಂದು ಕೂಗಿದರೆ ತನ್ನ ದನಿ ತನಗೇ ಕೇಳಿಸುತ್ತಿರಲಿಲ್ಲ. ಓಣಿ ತಿರುಗಿದಾಗ ಮನೆಯ ತಲೆಬಾಗಿಲಲ್ಲಿ ಅನ್ನಮ್ಮ ಕಂಡಳು. ಎರಡೂ ಕೈಯಿಂದ ಬಾಗಿಲನ್ನು ನೂಕುತ್ತಿದ್ದಳು. ಭುಜ ಕೊಟ್ಟು ನೂಕಿದಳು. ಬಾಗಿಲು ಚೌಕಟ್ಟಿನಲ್ಲಿ ಕಚ್ಚಿಕೊಂಡು ಕೂತಿತ್ತು, ಒಂದು ಬೆರಳೂ ಅಲುಗಲಿಲ್ಲ.

"ಹಸಿಗೆ ಉಬ್ಬೈತಿ ಇದು, ಬಾ, ನೂಕು ಇಷ್ಟು" ಎಂದಳು ಮುದುಕಿ.

ಹುಲಗೆಮ್ಮ ಅವಳ ರಟ್ಟೆ ಹಿಡಿದು ಹಿಂದಕ್ಕೆ ಎಳೆದಳು. ಅನ್ನಮ್ಮ ಕೊಸರಿಕೊಂಡಳು. ಅತ್ತೆ ಸೊಸೆ ಇಬ್ಬರೂ ಕೆಸರಿನಲ್ಲಿ ಜಾರಿ, ತೆವಳುತ್ತ ಬೀದಿಯ ಆ ಬದಿಗೆ ಬಂದರು. ಆಗ ನೆಲ ಅದುರಿತು. ದೊಡ್ಡ ಸದ್ದೇನೂ ಬರಲಿಲ್ಲ. ಮುದ್ದೆಯಾದ ಮಣ್ಣು ಧಪ್ಪೆಂದು ಕುಸಿದ ಸದ್ದು, ಅಷ್ಟೇ. ಮುಂದಿನ ಗೋಡೆ ಹಾಗೇ ನಿಂತಿತ್ತು, ಬಾಗಿಲು ಮುಚ್ಚಿಯೇ ಇತ್ತು. ಅದರ ಹಿಂದೆ ಮನೆ ಇರಲಿಲ್ಲ. ಮುಗಿಲು ಕಾಣುತ್ತಿತ್ತು.

ಅನ್ನಮ್ಮ ಸೊಸೆಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಕೂಸು?" ಎಂದಳು.

"ಜೋಹರಾಬಿ ಮನ್ಯಾಗ ಐತ್ರಿ. ಮಲಗೇತಿ."

"ಹೇಮಿ?"

"ಅಕಿನೂ ಅಲ್ಲೇ ಅದಾಳ್ರಿ."

ಮುದುಕಿ ಅದನ್ನೇ ಮತ್ತೆ ಕೇಳಿದಳು. ಹುಲಗೆಮ್ಮ ಮತ್ತೆ ಹೇಳಿದಳು. ಇಬ್ಬರೂ ಮಳೆಯಲ್ಲೇ ಕುಳಿತು ಅತ್ತರು.

ಮಳೆ ಮಾರನೆಯ ದಿನವೂ ಸುರಿಯಿತು. ಶುಕ್ರವಾರ ಬೆಳಿಗ್ಗೆ ಊರಿನವರು ಒಂದು ನೋಟ ಕಂಡರು. ಅನ್ನಮ್ಮ ಕಂಕುಳಲ್ಲಿ ಜೋಳದ ದಂಟಿನ ಕಟ್ಟು ಹಿಡಿದು ಮಲ್ಲೇಶ್ವರಿಯ ಜೊತೆ ಮನೆ ಮನೆ ಹತ್ತುತ್ತಿದ್ದಳು. "ನಮ್ಮ ಮನಿ ಸೋರೂದಿಲ್ಲ" ಎಂದವರಿಗೆ, "ನಮ್ಮದೂ ಸೋರಿಲ್ಲ, ಹೋಗಿ ನೋಡಿ ಬಾ" ಎನ್ನುತ್ತಿದ್ದಳು. ಹಾಗೆ ಹೋಗಿ ನೋಡಿ ಬಂದವರು ಗಂಟುಮೂಟೆ ಕಟ್ಟಿದರು. ಮಧ್ಯಾಹ್ನದೊಳಗೆ ಹನ್ನೊಂದು ಮನೆಯವರು ಶಾಲೆಗೆ ಬಂದರು. ಸಂಜೆಗೆ ಇನ್ನೂ ಎರಡು ಮಾಳಿಗೆ ಕುಸಿದವು. ಎರಡರಲ್ಲೂ ಒಂದು ಬೆಕ್ಕು ಸಹ ಇರಲಿಲ್ಲ.

ಮಳೆ ನಿಂತ ಮೇಲೆ ನಾಲ್ಕು ಮಂದಿ ಸೇರಿ ಹೊನ್ನೂರಪ್ಪನ ಮನೆಯ ಮಣ್ಣು ತೆಗೆದರು. ಎದೆಯುದ್ದ ಮಣ್ಣಿನ ಕೆಳಗೆ ತೊಲೆ ಸಿಕ್ಕಿತು. ಗೋಡೆಯೊಳಗಿದ್ದ ಅದರ ತುದಿಯನ್ನು ಗೆದ್ದಲು ಹಿಟ್ಟು ಮಾಡಿತ್ತು. ತೊಲೆಯ ಕೆಳಗೆ ತೊಟ್ಟಿಲು ಸಿಕ್ಕಿತು. ಹಲಗೆಗಳೆಲ್ಲ ಒಂದರ ಮೇಲೊಂದು ಚಪ್ಪಟೆಯಾಗಿ, ರೊಟ್ಟಿಯಷ್ಟು ತೆಳ್ಳಗಾಗಿದ್ದವು. ಹೊನ್ನೂರಪ್ಪ ಅದನ್ನು ಎತ್ತಿಕೊಂಡು ಒಳಗಿನ ಹಾಸನ್ನು ಮುಟ್ಟಿ ನೋಡಿದ. ಹಲಗೆಗಳ ನಡುವೆ ಬಿಗಿಯಾಗಿ ಒತ್ತಿಕೊಂಡಿದ್ದ ಅದರ ನಡುಭಾಗ ಒಣಗಿಯೇ ಇತ್ತು.

"ಒಂದು ಹನಿ ಸೋರಿಲ್ಲ ನೋಡು" ಎಂದ ಹೆಂಡತಿಗೆ. ಆ ಮಾತಿನ ಜೊತೆಗೇ ಅವನ ದುಃಖ ಕಟ್ಟೆಯೊಡೆಯಿತು. ಹುಲಗೆಮ್ಮ ಅವನ ಕೈಯಿಂದ ತೊಟ್ಟಿಲು ಇಸಿದುಕೊಂಡು ಕೆಳಗಿಟ್ಟಳು.

ಆ ಕೂಸಿಗೆ ಸಹನಾ ಎಂದು ಹೆಸರಿಟ್ಟರು. ಹೊನ್ನೂರಪ್ಪ ಈಗ ತಗಡಿನ ಮನೆಯಲ್ಲಿದ್ದಾನೆ. ಮಳೆ ಬಂದರೆ ಡೊಳ್ಳು ಬಾರಿಸಿದ ಹಾಗಾಗುತ್ತದೆ. ರೋಹಿಣಿ ಮಳೆಗೆ ಮೊದಲು ಅವನು ಈಗಲೂ ಬುಟ್ಟಿ ಹಿಡಿದು ಊರಿನವರ ಮಾಳಿಗೆ ಹತ್ತುತ್ತಾನೆ, ಮಣ್ಣು ಹಾಕುವುದಕ್ಕಲ್ಲ, ಇಳಿಸುವುದಕ್ಕೆ. ಮಳೆ ಹಿಡಿದರೆ ಯಾವ ಬಾಣಂತಿ, ಯಾವ ಮುದುಕರು, ನಡೆಯಲಾಗದವರು ಯಾರು, ಅವರು ಯಾರ ಮನೆಗೆ ಹೋಗಬೇಕು, ಕೈ ಹಿಡಿದು ಕರೆದೊಯ್ಯುವವರು ಯಾರು ಎಂದು ಆ ಊರಿನ ಮಹಿಳಾ ಸಂಘದವರು ಮೊದಲೇ ಮಾತಾಡಿಟ್ಟಿರುತ್ತಾರೆ. ಶಾಲೆಯ ಒಂದು ಕೀಲಿಕೈ ಜೋಹರಾಬಿಯ ಹತ್ತಿರ ಇರುತ್ತದೆ.

ಅವ್ವಂದಿರೇ, ಅಣ್ಣಂದಿರೇ, ನಿಮ್ಮದೂ ಮಣ್ಣಿನ ಮಾಳಿಗೆಯೇ? ಹಾಗಾದರೆ ಇದನ್ನು ಓದಿದವರು, ಕೇಳಿದವರು ಇವತ್ತೇ ಬೆಳಕಿಂಡಿಯ ಹತ್ತಿರ ಹೋಗಿ ಮಣ್ಣು ಎಷ್ಟು ದಪ್ಪ ಇದೆ ನೋಡಿ. ಬಿಸಿಲು ಇರುವಾಗಲೇ ಹಳೆಯ ಮಣ್ಣು ಇಳಿಸಿ, ದೋಣಿಯ ಬಾಯಿ ಬಿಡಿಸಿ, ಕುಳ್ಳು ಕಟ್ಟಿಗೆ ಕೆಳಗೆ ತನ್ನಿ, ತೊಲೆಯ ತುದಿಯನ್ನು ಬಲ್ಲವರಿಗೆ ತೋರಿಸಿ. ಮಳೆ ಹಿಡಿದ ಮೇಲೆ ಮಾಳಿಗೆ ಹತ್ತಬೇಡಿ, ಹೊಸ ಮಣ್ಣು ಹಾಕಬೇಡಿ. ಬಾಗಿಲು ಕಚ್ಚಿಕೊಂಡರೆ, ಮೇಲಿನಿಂದ ಪುಡಿ ಉದುರಿದರೆ, ತೊಲೆ ಸದ್ದು ಮಾಡಿದರೆ, ದಂಟು ತಂದು ಅಳೆಯುತ್ತ ಕೂರಬೇಡಿ, ಎದ್ದು ಹೊರಬನ್ನಿ. ಬಾಣಂತಿಯನ್ನೂ ಕೂಸನ್ನೂ ಎಲ್ಲರಿಗಿಂತ ಮೊದಲು ಕರೆತನ್ನಿ, ಪಂಚಾಯಿತಿಗೆ ಸುದ್ದಿ ಮುಟ್ಟಿಸಿ. ಹೊರಬಂದ ಮೇಲೆ ಯಾವ ವಸ್ತುವಿಗಾಗಿಯೂ ತಿರುಗಿ ಒಳಗೆ ಕಾಲಿಡಬೇಡಿ. ಅನ್ನಮ್ಮನ ಬಾಗಿಲು ತೆರೆಯಲಿಲ್ಲ, ಹಾಗಾಗಿ ಅವಳು ಉಳಿದಳು. ನಿಮ್ಮ ಬಾಗಿಲು ತೆರೆದುಬಿಡಬಹುದು.